ಓದದೆ ಬಿಟ್ಟ ಸುದ್ದಿ

ಗುರುವಪ್ಪ ಪೇಪರಿನಲ್ಲಿ ಇಲ್ಲದ್ದನ್ನೆಲ್ಲ ಓದುತ್ತಾನೆ ಎಂಬ ಸಂಶಯ ಆದಂ ಕುಂಞಿಯ ತಲೆಗೆ ಹೊಕ್ಕಿದ್ದು ಸಾವಿರದ ಒಂಬೈನೂರ ಅರವತ್ತೊಂದರ ಏಪ್ರಿಲ್‌ನಲ್ಲಿ, ರಷ್ಯಾದವನೊಬ್ಬ ಆಕಾಶಕ್ಕೆ ಹಾರಿ ಭೂಮಿಗೆ ಒಂದು ಸುತ್ತು ಹಾಕಿ ಇಳಿದ ಸುದ್ದಿ ಸುಳ್ಯಕ್ಕೆ ಮುಟ್ಟಿದ ದಿನ.

"ಎಷ್ಟು ಹೊತ್ತು ಹಿಡಿಯಿತಂತೆ?" ಎಂದು ಆದಂ ಕೇಳಿದ.

"ನೂರೆಂಟು ನಿಮಿಷ."

"ಸುಮ್ಮನಿರಿ ಮಾರಾಯ್ರೆ! ನಮ್ಮ ಬಸ್ಸಿಗೆ ಪುತ್ತೂರಿಂದ ಸುಳ್ಯಕ್ಕೆ ಬರ್ಲಿಕ್ಕೇ ಎರಡು ಗಂಟೆ ಬೇಕು. ಇವ ಅಷ್ಟರಲ್ಲಿ ಲೋಕ ಸುತ್ತಿ ಬಂದನಾ? ಕಿವಿಗೆ ಹೂ ಇಡ್ಲಿಕ್ಕೆ ಬೇರೆ ಯಾರೂ ಸಿಗ್ಲಿಲ್ವಾ ನಿಮಗೆ?"

ಕೂತವರೆಲ್ಲ ನಕ್ಕರು. ಗುರುವಪ್ಪ ಮಾತ್ರ ನಗಲಿಲ್ಲ. ಪೇಪರಿನ ಅಂಚಿನ ಮೇಲಿಂದ ಆದಂನನ್ನು ಒಮ್ಮೆ ನೋಡಿದ, ಕೆಮ್ಮಿದ, ಅದೇ ಸುದ್ದಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದ. ಒಂದು ಸುದ್ದಿಯನ್ನು ಎರಡು ಸಲ ಓದುವುದು ಆ ಮನುಷ್ಯನ ಜಾಯಮಾನವೇ ಅಲ್ಲ. ಆದಂನ ತಲೆಗೆ ಹುಳ ಹೊಕ್ಕಿದ್ದು ಆ ಗಳಿಗೆಯಲ್ಲಿ.

ಸುಳ್ಯದ ಪೇಟೆಯಲ್ಲಿ, ಬಸ್ಸು ನಿಲ್ಲುವಲ್ಲಿಂದ ನಾಲ್ಕು ಹೆಜ್ಜೆ ಹಿಂದೆ, ಹಂಚಿನ ಮಾಡಿನ ಒಂದು ಬೀಡಿ ಬ್ರಾಂಚು ಇತ್ತು. ಹನ್ನೆರಡು ಮಂದಿ ಗಂಡಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸು, ಹೊಗೆಸೊಪ್ಪಿನ ಹುಡಿ ಹಾಕು, ಸುತ್ತು, ನೂಲು ಕಟ್ಟು. ಕೈಗೆ ಪುರಸೊತ್ತಿಲ್ಲದ ಕೆಲಸ. ಆದರೆ ಕಿವಿ ಖಾಲಿ. ಆ ಖಾಲಿ ಕಿವಿಗಳಿಗಾಗಿ ಅವರೊಂದು ಏರ್ಪಾಡು ಮಾಡಿಕೊಂಡಿದ್ದರು. ಎಂಟನೆಯ ಕ್ಲಾಸು ಪಾಸಾದವನು ಗುರುವಪ್ಪ ಒಬ್ಬನೇ. ಮಂಗಳೂರಿನ ಪೇಪರು ಮಧ್ಯಾಹ್ನದ ಬಸ್ಸಿನಲ್ಲಿ ಬಂದ ಮೇಲೆ ಅವನು ಮೊರ ಕೆಳಗಿಟ್ಟು, ಅದನ್ನು ತಂದು ಗಟ್ಟಿಯಾಗಿ ಓದಬೇಕು. ಓದುತ್ತ ಕೂತರೆ ಅವನ ಬೀಡಿ ಕಟ್ಟುವವರು ಯಾರು? ಅದಕ್ಕಾಗಿ ಉಳಿದ ಹನ್ನೊಂದು ಮಂದಿ ಸಂಜೆ ಒಬ್ಬೊಬ್ಬರು ಒಂದೊಂದು ಕಟ್ಟು, ಅಂದರೆ ಇಪ್ಪತ್ತೈದು ಬೀಡಿ, ಅವನ ಮೊರಕ್ಕೆ ಹಾಕುತ್ತಿದ್ದರು. ಒಂಬತ್ತು ವರ್ಷದಿಂದ ಹೀಗೇ ನಡೆದಿತ್ತು. ಆದಂಗೆ ಮದರಸದಲ್ಲಿ ಕಲಿತ ಅಕ್ಷರ ಬರುತ್ತಿತ್ತೇ ಹೊರತು ಕನ್ನಡದಲ್ಲಿ ಅಂಕೆಗಳನ್ನು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಲೋಕದಲ್ಲಿ ಏನು ನಡೆಯುತ್ತದೆ ಎಂಬುದು ಅವನಿಗೆ ಗುರುವಪ್ಪನ ಬಾಯಿಂದಲೇ ತಿಳಿಯಬೇಕು.

ಆ ವರ್ಷ ಅವನಿಗೆ ತಿಳಿಯಬೇಕಾಗಿದ್ದುದು ಒಂದೇ ಸಂಗತಿ. ತಮ್ಮ ಸಮದ್ ಎಲ್ಲಿದ್ದಾನೆ?

ಸಮದ್‌ಗೆ ಇಪ್ಪತ್ತೆರಡು ವರ್ಷ. ಊರಲ್ಲಿ ಬೀಡಿ ಕಟ್ಟಿ ಬೆನ್ನು ಬಾಗಿಸಿಕೊಳ್ಳುವುದು ಬೇಡ, ಬೊಂಬಾಯಿಗೆ ಹೋಗು, ಹಡಗು ಹತ್ತು ಎಂದು ಅವನ ಬೆನ್ನು ಬಿದ್ದವನು ಆದಂ. ಉಮ್ಮ, ಅಂದರೆ ತಾಯಿ ಅಲೀಮಮ್ಮ, ಬೇಡವೆಂದು ಅತ್ತು ಕರೆದು ಮಾಡಿದಳು. "ಇದ್ದದ್ದನ್ನು ಮೂರು ಪಾಲು ಮಾಡಿ ತಿನ್ನುವ, ಅವನನ್ನು ನೀರಿನ ಮೇಲೆ ಕಳಿಸ್ಬೇಡ ಮೋನೇ" ಎಂದು ಎರಡು ದಿನ ಉಣ್ಣದೆ ಕೂತಳು. ಆದಂ ಕೇಳಲಿಲ್ಲ. ಮಾರ್ಚ್‌ನಲ್ಲಿ ಸಮದ್ ಹೋದ. ಕೊಲ್ಲಿಯ ಬಂದರುಗಳಿಗೆ ಹೋಗಿ ಬರುವ ಹಡಗೊಂದರ ಅಡಿಗೆಮನೆಯಲ್ಲಿ ಕೆಲಸ ಸಿಕ್ಕಿತೆಂದು, ಹಡಗಿನ ಹೆಸರನ್ನೂ ಬರೆದು, ಅಣ್ಣನಿಗೆ ಓದಲು ಬರುವ ಮದರಸದ ಅಕ್ಷರದಲ್ಲೇ ಬೊಂಬಾಯಿಯಿಂದ ಒಂದು ಕಾಗದ ಹಾಕಿದ. ಆದಂ ಆ ಕಾಗದವನ್ನು ಬ್ರಾಂಚಿಗೆ ತಂದು ಹೆಸರನ್ನು ಹನ್ನೊಂದು ಮಂದಿಗೂ ಬಾಯಿಪಾಠ ಮಾಡಿಸಿದ. ಆಮೇಲೆ ಸಮದ್‌ನ ಕಾಗದವೇ ಇಲ್ಲ.

ಏಪ್ರಿಲ್ ಹೋಯಿತು, ಮೇ ಹೋಯಿತು. ಉಮ್ಮ ದಿನಾ ಸಂಜೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, "ಕಾಗದ ಬಂತಾ ಮೋನೇ?"

ಆ ಮುಖವನ್ನು ನೋಡಲಾರದೆ ಒಂದು ದಿನ ಆದಂ "ಬಂತು" ಎಂದುಬಿಟ್ಟ. ಅಂಗಿಯ ಕಿಸೆಯಿಂದ ಯಾವುದೋ ಹಳೆ ಚೀಟಿ ತೆಗೆದು ಬಿಡಿಸಿ, ಓದಿದ ಹಾಗೆ ಮಾಡಿದ. ಸಮದ್ ಕ್ಷೇಮ. ಹಡಗಿನ ಊಟದಲ್ಲಿ ದಪ್ಪ ಆಗಿದ್ದಾನೆ. ಉಮ್ಮನಿಗೆ ಸಲಾಂ ಹೇಳಿದ್ದಾನೆ. ಉಮ್ಮ ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು, ಕಣ್ಣು ಮುಚ್ಚಿ ಕೇಳಿ, "ಅಲ್‌ಹಮ್ದುಲಿಲ್ಲಾ" ಎಂದಳು. ಅಲ್ಲಿಂದ ತಿಂಗಳಿಗೊಂದು ಕಾಗದ ತಪ್ಪದೆ ಬರತೊಡಗಿತು. ಒಂದರಲ್ಲಿ ಸಮದ್ ಕೈಗಡಿಯಾರ ಕೊಂಡ, ಇನ್ನೊಂದರಲ್ಲಿ ಅವನಿಗೆ ಬಡ್ತಿ ಸಿಕ್ಕಿತು. ಮನೆಯಲ್ಲಿ ಇಂಥ ಕಾರಖಾನೆ ಇಟ್ಟುಕೊಂಡವನು ಬ್ರಾಂಚಿಗೆ ಬಂದು ಗುರುವಪ್ಪ ಸುಳ್ಳು ಓದುತ್ತಾನೆಂದು ಮೂಗು ಮುರಿಯುತ್ತಿದ್ದ. ನಗಬೇಕೋ ಬೈಯಬೇಕೋ, ನೀವೇ ಹೇಳಿ.

ಸಂಶಯ ಎಂಬುದು ಬೀಡಿಯ ಹುಡಿಯಿದ್ದ ಹಾಗೆ, ಒಮ್ಮೆ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. ಆದಂ ಕಣ್ಣಲ್ಲಿ ಕಣ್ಣಿಟ್ಟು ಗುರುವಪ್ಪನನ್ನು ಕಾದ. ಮೊದಲೆಲ್ಲ ಬಸ್ಸಿನಿಂದ ಇಳಿದ ಪೇಪರು ಮಡಿಕೆ ಮುರಿಯದೆ ಬರುತ್ತಿತ್ತು. ಈಗ ಬಿಚ್ಚಿ ಮಡಚಿದ ಗುರುತು ಇರುತ್ತದೆ. ಅಂದರೆ ಗುರುವಪ್ಪ ಬಸ್ಸಿನ ಬಳಿ ನಿಂತೇ ಒಮ್ಮೆ ಓದಿ ನೋಡುತ್ತಾನೆ. ಏಕೆ? ಹಡಗು, ಬಂದರು ಎಂಬ ಮಾತು ಬಂದರೆ ಅವನ ದನಿ ಇಳಿಯುತ್ತದೆ. ಏಕೆ? ನಮಾಜಿಗೆ ಹೋದ ಆದಂ ತಿರುಗಿ ಬರುವಾಗ ಒಳಗಿನ ಮಾತು ನಿಂತುಬಿಡುತ್ತದೆ, ಬಾಯಿಬಡುಕ ದೇರಣ್ಣ ಕೂಡ ತಲೆ ತಗ್ಗಿಸಿ ಎಲೆ ಕತ್ತರಿಸತೊಡಗುತ್ತಾನೆ. ಅದು ಏಕೆ?

ಜುಲೈಯಲ್ಲಿ ಹೊಳೆ ಉಕ್ಕಿ ನೆರೆ ಬಂದ ಸುದ್ದಿ ಬಂತು. ಗುರುವಪ್ಪ ಓದಿದ್ದನ್ನು ಆದಂ ಪುತ್ತೂರಿನ ಬಸ್ಸಿನ ಡ್ರೈವರನಲ್ಲಿ ಗುಟ್ಟಾಗಿ ಕೇಳಿ ನೋಡಿದ, ನಿಜವಾಗಿತ್ತು. ಕಡಬದಿಂದ ಬಂದ ನೆಂಟನಲ್ಲಿ ವಿಚಾರಿಸಿದ, ಅದೂ ನಿಜ. ನವೆಂಬರ್ ಕೊನೆಗೆ ಆ ಆಕಾಶಕ್ಕೆ ಹೋದವನೇ ನಮ್ಮ ದೇಶಕ್ಕೆ ಬಂದ, ಅವನ ಕೊರಳಿಗೆ ಹಾರ ಹಾಕಿದ ಫೋಟೋವನ್ನು ಕ್ಷೌರದಂಗಡಿಯ ಗೋಡೆಯಲ್ಲಿ ಆದಂ ಕಣ್ಣಾರೆ ಕಂಡ. ಸರಿ, ಅದೂ ನಿಜವೇ ಆಯಿತಲ್ಲ. ಸಂಶಯ ಹೋಯಿತೇ? ಎಲ್ಲಿಯ ಮಾತು! ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತಲ್ಲೇ ಅದು ಮಗ್ಗುಲು ಬದಲಿಸಿತು. ಗುರುವಪ್ಪ ಓದುವುದೆಲ್ಲ ನಿಜ. ಹಾಗಾದರೆ ಅವನು ಓದದೆ ಬಿಡುವುದು ಯಾವುದು?

ಒಮ್ಮೆ ಹೀಗೆ ಹೊಳೆದ ಮೇಲೆ ಉಳಿದದ್ದೆಲ್ಲ ಅವನೇ ಪೋಣಿಸಿಕೊಂಡ. ಕೊಲ್ಲಿಯಿಂದ ಬರುವ ಹಡಗುಗಳಲ್ಲಿ ಕಳ್ಳಬಂಗಾರ ಬರುತ್ತದೆ, ಸೊಂಟದ ಪಟ್ಟಿಯಲ್ಲಿ ಬಿಸ್ಕೀಟು ಇಟ್ಟುಕೊಂಡು ಇಳಿದವರನ್ನು ಬೊಂಬಾಯಿಯಲ್ಲಿ ಹಿಡಿಯುತ್ತಾರೆ ಎಂದು ಗುರುವಪ್ಪನೇ ಎಷ್ಟೋ ಸಲ ಓದಿದ್ದ. ಸಮದ್ ಹಾಗೆ ಸಿಕ್ಕಿಬಿದ್ದಿದ್ದಾನೆ. ಪೇಪರಿನಲ್ಲಿ ಹೆಸರು ಸಮೇತ ಬಂದಿದೆ. ಇಡೀ ಬ್ರಾಂಚಿಗೆ ಗೊತ್ತು, ಅಣ್ಣನಿಗೆ ಮಾತ್ರ ಗೊತ್ತಿಲ್ಲ. ತನ್ನ ಬೆನ್ನ ಹಿಂದೆ ನಗುತ್ತಿದ್ದಾರೆ. ತಮ್ಮ ಜೈಲಿನಲ್ಲಿದ್ದಾನೆ ಎಂಬ ದುಃಖ ಒಂದು ಕಡೆ, ಬದುಕಿದ್ದಾನಲ್ಲ ಎಂಬ ಸಮಾಧಾನ ಇನ್ನೊಂದು ಕಡೆ. ಇವೆರಡಕ್ಕಿಂತಲೂ ಜೋರಾಗಿ ಉರಿದದ್ದು ಸಿಟ್ಟು. ದಿನಾ ಸಂಜೆ ಒಂದು ಕಟ್ಟು ಬೀಡಿ ಕೊಟ್ಟು ತಾನು ಮಂಗನಾಗುತ್ತಿದ್ದೇನೆ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಬ್ರಾಂಚಿನಲ್ಲಿ ವರ್ಷದ ಕೊನೆಯ ಶನಿವಾರ ಹೊಸ ಪೇಪರು ಓದುವ ಪದ್ಧತಿ ಇರಲಿಲ್ಲ. ಅಂದು ಗುರುವಪ್ಪ ವರ್ಷವಿಡೀ ಅಟ್ಟದ ಮೇಲೆ ಕಟ್ಟಿಟ್ಟ ಪೇಪರುಗಳನ್ನು ಇಳಿಸಿ, ತಾನು ಕೆಂಪು ಪೆನ್ಸಿಲಿನಲ್ಲಿ ಗೆರೆ ಹಾಕಿದ ಸುದ್ದಿಗಳನ್ನು ಜನವರಿಯಿಂದ ಶುರು ಮಾಡಿ ಓದಬೇಕು. ಚಾ ಬರುತ್ತದೆ, ಯಾರಾದರೊಬ್ಬನ ಮನೆಯಿಂದ ಕಲ್ತಪ್ಪ ಬರುತ್ತದೆ. ಬಸ್ಸು ತಪ್ಪಿ ಪೇಪರು ಬರದ ದಿನ ಮರುದಿನ ಎರಡನ್ನೂ ಕೇಳಿ ತರುವ ಗುರುವಪ್ಪನ ಕಟ್ಟಿನಲ್ಲಿ ಒಂದು ದಿನವೂ ತಪ್ಪಿರುವುದಿಲ್ಲ ಎಂಬುದು ಬ್ರಾಂಚಿನವರ ಹೆಮ್ಮೆ.

ಆ ವರ್ಷ ಅದರ ಹಿಂದಿನ ದಿನ, ಶುಕ್ರವಾರ, ಎಲ್ಲರೂ ಜುಮಾ ನಮಾಜಿಗೆ, ಊಟಕ್ಕೆ ಎಂದು ಹೋಗಿದ್ದಾಗ ಆದಂ ಬೇಗ ಮರಳಿ ಬಂದ. ಮರುದಿನಕ್ಕೆಂದು ಅಟ್ಟದಿಂದ ಇಳಿಸಿದ ಪೇಪರಿನ ಕಟ್ಟು ಬೆಂಚಿನ ಮೇಲಿತ್ತು. ಹಗ್ಗ ಬಿಚ್ಚಿ, ತಾರೀಕಿನ ಅಂಕೆ ನೋಡುತ್ತ ಒಂದೊಂದನ್ನೇ ತಿರುವಿದ. ಮಾರ್ಚ್ ಸರಿ ಇತ್ತು. ಏಪ್ರಿಲ್ ಎಂಟು, ಒಂಬತ್ತು, ಹತ್ತು. ಮುಂದಿನದು ಹನ್ನೆರಡು. ಅವನು ಬೆರಳಿಗೆ ಉಗುಳು ಹಚ್ಚಿ ಮತ್ತೆ ತಿರುವಿದ. ನೆರೆಯಲ್ಲಿ ಬಸ್ಸು ನಿಂತ ದಿನಗಳ ಪೇಪರು ಕೂಡ ಇತ್ತು. ಇಡೀ ವರ್ಷದಲ್ಲಿ ಇಲ್ಲದ್ದು ಏಪ್ರಿಲ್ ಹನ್ನೊಂದು ಮಾತ್ರ.

ಬಾಗಿಲಲ್ಲಿ ನೆರಳು ಬಿತ್ತು. ಗುರುವಪ್ಪ ನಿಂತಿದ್ದ.

"ಹನ್ನೊಂದನೇ ತಾರೀಕು ಎಲ್ಲಿ ಗುರುವಪ್ಪಣ್ಣ?"

ಗುರುವಪ್ಪ ಒಳಗೆ ಬಂದು ಬಿಚ್ಚಿದ ಹಗ್ಗವನ್ನು ಎತ್ತಿಕೊಂಡ.

"ಬಾಯಿಗೆ ಎಂತ ಬಂದಿದೆ ನಿಮಗೆ? ಆಕಾಶದ ಸುದ್ದಿ ಎರಡೆರಡು ಸಲ ಓದ್ಲಿಕ್ಕೆ ಬರ್ತದೆ, ನನ್ನ ತಮ್ಮನ ಸುದ್ದಿ ಓದ್ಲಿಕ್ಕೆ ಬರುದಿಲ್ವಾ? ನನಗೆಲ್ಲ ಗೊತ್ತುಂಟು. ಅವನನ್ನು ಪೊಲೀಸರು ಹಿಡಿದದ್ದು ಆ ಪೇಪರಲ್ಲಿ ಉಂಟು. ಎಂಟು ತಿಂಗಳಿಂದ ನೀವು ಹನ್ನೊಂದು ಮಂದಿ ಸೇರಿ ನನ್ನನ್ನು ಕುರಿ ಮಾಡಿದ್ದೀರಿ. ನಾಚಿಕೆ ಆಗ್ಬೇಕು ನಿಮಗೆ!"

"ಪೊಲೀಸರಾ?" ಗುರುವಪ್ಪ ಬೆಂಚಿನ ತುದಿಯಲ್ಲಿ ಕೂತ. "ಪೊಲೀಸರು ಹಿಡಿದಿದ್ರೆ ನಾನು ಅವತ್ತೇ ನಿನ್ನ ಹತ್ರ ಹೇಳ್ತಿದ್ದೆ ಮಾರಾಯ. ಒಂದಲ್ಲ ಒಂದು ದಿನ ಬಿಡ್ತಾರಲ್ಲ."

"ಮತ್ತೆಂತ?"

"ಆ ಪೇಪರು ನನ್ನ ಹತ್ರ ಇಲ್ಲ ಆದಂ. ನಿನ್ನ ಮನೆಯಲ್ಲೇ ಉಂಟು. ಉಮ್ಮನ ಹತ್ರ ಕೇಳು."

ಆದಂ ಪೇಪರುಗಳನ್ನು ಹಾಗೇ ಬಿಟ್ಟು ಹೊರಬಿದ್ದ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಮನೆಗೆ ನಡೆದ. ದಾರಿಯುದ್ದಕ್ಕೂ ಅವನ ತಲೆ ಒಂದು ಹೊಸ ಸಂಶಯಕ್ಕಾಗಿ, ಗುರುವಪ್ಪ ಹೀಗೆ ಹೇಳಿದ್ದರಲ್ಲೂ ಏನಾದರೊಂದು ಮೋಸಕ್ಕಾಗಿ ಹುಡುಕಾಡಿತು. ಅವತ್ತು ಏನೂ ಸಿಗಲಿಲ್ಲ.

ಉಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬರಿಗಾಲಲ್ಲಿ ಬಂದ ಮಗನನ್ನು ಕಂಡು ಕೈ ನಿಲ್ಲಿಸಿದಳು.

"ಉಮ್ಮಾ, ಏಪ್ರಿಲ್ ಹನ್ನೊಂದರ ಪೇಪರು..."

ಮುಂದೆ ಕೇಳುವ ಅಗತ್ಯವೇ ಬೀಳಲಿಲ್ಲ. ಅವಳು ಎದ್ದು ಒಳಗೆ ಹೋಗಿ, ಮರದ ಪೆಟ್ಟಿಗೆಯಲ್ಲಿ ತನ್ನ ನಮಾಜಿನ ಬಿಳಿ ಬಟ್ಟೆಯ ಅಡಿಯಿಂದ ಮಡಚಿದ ಪೇಪರು ತಂದಳು. ಒಳಗಿನ ಪುಟದಲ್ಲಿ ಎರಡು ಬೆರಳಗಲದ ಒಂದು ಸುದ್ದಿಯ ಸುತ್ತ ಕೆಂಪು ಪೆನ್ಸಿಲಿನ ಗೆರೆ ಇತ್ತು. ಆ ಮನೆಯಲ್ಲಿದ್ದ ಇಬ್ಬರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಉಮ್ಮ ಗೆರೆಯ ಮೇಲೆ ಬೆರಳಿಟ್ಟಳು.

"ಇದು. ಹಡಗಿಗೆ ಬೆಂಕಿ ಬಿತ್ತಂತೆ, ಕೊಲ್ಲಿಯಲ್ಲಿ. ನೀನು ಹೇಳಿಕೊಟ್ಟ ಹೆಸರೇ ಅಂತೆ. ಅವತ್ತು ಸಂಜೆ ಗುರುವಪ್ಪ ನಿನಗೆ ಹೇಳ್ಲಿಕ್ಕೆ ಅಂತ ಇಲ್ಲಿಗೆ ಬಂದ. ನೀನು ನಮಾಜಿಗೆ ಪಳ್ಳಿಗೆ ಹೋಗಿದ್ದಿ. ಅವ ಹೊಸ್ತಿಲಲ್ಲಿ ಕೂತು ಅತ್ತ. ಅವನೇ ಬೊಂಬಾಯಿಗೆ ಬರೆದು ಕೇಳಿದ. ಆಗಸ್ಟಿನಲ್ಲಿ ಉತ್ತರ ಬಂತು. ಅಡಿಗೆಮನೆಯಲ್ಲಿ ಇದ್ದವರು ಯಾರೂ ಉಳಿಲಿಲ್ಲ ಅಂತ."

"ನನಗೆ ಏಕೆ ಹೇಳಲಿಲ್ಲ?" ಎಂದು ಆದಂ ಕೇಳಿದ.

"ಕಳಿಸಿದ್ದು ನೀನಲ್ವಾ ಮೋನೇ." ಉಮ್ಮ ಮೆಲ್ಲಗೆ ಹೇಳಿದಳು. ಅದರಲ್ಲಿ ದೂರು ಇರಲಿಲ್ಲ, ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. "ಗೊತ್ತಾದ್ರೆ ನೀನು ಹೊಳೆಗೆ ಹಾರ್ತಿ ಅಂತ ನನಗೆ ಹೆದರಿಕೆ ಆಯ್ತು. ಒಬ್ಬ ಹೋದ. ಇನ್ನೊಬ್ಬನೂ ಹೋದ್ರೆ ನಾನು ಎಂತ ಮಾಡ್ಲಿ? ನಾನೇ ಗುರುವಪ್ಪನ ಹತ್ರ ಆಣೆ ಹಾಕಿಸಿದ್ದು, ಬ್ರಾಂಚಿನಲ್ಲಿ ಯಾರೂ ಬಾಯಿ ಬಿಡ್ಬಾರದು ಅಂತ."

"ದಿನಾ ಕೇಳ್ತಿದ್ದಿರಲ್ಲ, ಕಾಗದ ಬಂತಾ ಅಂತ?"

"ಕೇಳದಿದ್ರೆ ನಿನಗೆ ಸಂಶಯ ಬರುದಿಲ್ವಾ?"

ಆದಂ ಕಂಬ ಹಿಡಿದು ಕೂತ. ತಾನು ಓದಿದ ಏಳು ಕಾಗದಗಳು, ಕಣ್ಣು ಮುಚ್ಚಿ ಕೇಳಿದ ಉಮ್ಮ, ಒಂದೊಂದರ ಕೊನೆಗೂ ಅವಳು ಹೇಳಿದ ಅಲ್‌ಹಮ್ದುಲಿಲ್ಲಾ, ಎಲ್ಲವೂ ಅವನ ಮೇಲೆ ಒಟ್ಟಿಗೆ ಬಿದ್ದವು.

"ಕೈಗಡಿಯಾರ ಕೊಂಡ ಅಂತ ಓದಿದಿ," ಉಮ್ಮ ಹೇಳಿದಳು. "ಮಗುವಾಗಿದ್ದಾಗ ಕೈಗೆ ನೂಲು ಕಟ್ಟಿದ್ರೂ ಅವನಿಗೆ ಮೈಯೆಲ್ಲ ತುರಿಕೆ. ತಾಯತವನ್ನೇ ಸೊಂಟಕ್ಕೆ ಕಟ್ಟಿದ್ದು ನಾನು. ಅವ ಗಡಿಯಾರ ಕಟ್ಟುದುಂಟಾ? ಆದ್ರೂ ಕೇಳ್ಲಿಕ್ಕೆ ಚಂದ ಇತ್ತು ಮೋನೇ. ನೀನು ಓದುವಷ್ಟು ಹೊತ್ತು ಅವ ಅಲ್ಲಿ ಹಡಗಿನಲ್ಲಿ ಗಡಿಯಾರ ನೋಡ್ತಾ ನಿಂತ ಹಾಗೇ ಆಗ್ತಿತ್ತು."

ಆಗ ಆದಂ ಅತ್ತ. ಮೂವತ್ತು ವರ್ಷದ ಗಂಡಸು, ಉಮ್ಮನ ಮಡಿಲಲ್ಲಿ ಮುಖ ಹುದುಗಿಸಿ, "ನಾನೇ ಕೊಂದೆ, ನಾನೇ ಕೊಂದೆ" ಎಂದು ಅತ್ತ. ಆರಿಸಿದ ಅಕ್ಕಿಯೆಲ್ಲ ಜಗಲಿಯ ತುಂಬ ಚೆಲ್ಲಿತು. ಉಮ್ಮ ಅವನ ತಲೆಯ ಮೇಲಿಂದ ಕೈ ತೆಗೆಯಲಿಲ್ಲ. ಅಳು ಇಳಿದ ಮೇಲೆ ಒಂದು ಮಾತು ಹೇಳಿದಳು.

"ಪಳ್ಳಿಯಲ್ಲಿ ಹೇಳಿ ಅವನ ಹೆಸರಲ್ಲಿ ಮಯ್ಯತ್ ನಮಾಜು ಮಾಡಿಸು. ನಿನಗೆ ಗೊತ್ತಾಗ್ಬಾರದು ಅಂತ ಅದನ್ನೂ ಮಾಡಿಸ್ಲಿಲ್ಲ ನಾನು. ಎಂಟು ತಿಂಗಳಾಯ್ತು. ಅವನಿಗೆ ಒಂದು ನಮಾಜೂ ಸಿಕ್ಕಿಲ್ಲ."

ಅಂದೇ ಸಂಜೆಯ ಮಗ್ರಿಬ್ ಆದ ಮೇಲೆ ಪಳ್ಳಿಯಲ್ಲಿ, ತೀರಿಹೋದವರಿಗಾಗಿ ಮಾಡುವ ಆ ನಮಾಜು ನಡೆಯಿತು.

ಮರುದಿನ ಶನಿವಾರ. ಆದಂ ಬರುತ್ತಾನೆಂದು ಬ್ರಾಂಚಿನಲ್ಲಿ ಯಾರೂ ಎಣಿಸಿರಲಿಲ್ಲ. ಅವನು ಬಂದು, ತನ್ನ ಜಾಗದಲ್ಲಿ ಕೂತು, ಮೊರ ಎಳೆದುಕೊಂಡು ಎಲೆ ಕತ್ತರಿಸತೊಡಗಿದ. ಗುರುವಪ್ಪ ಪೇಪರಿನ ಕಟ್ಟನ್ನು ಮುಟ್ಟಲು ಹಿಂದೆಮುಂದೆ ನೋಡಿದ.

"ಇವತ್ತು ಬೇಡ," ಎಂದ. "ಮುಂದಿನ ವಾರ ನೋಡುವ."

"ವರ್ಷ ಮುಗಿದ ಮೇಲೆ ಎಂತ ಓದುದು? ಓದಿ ಗುರುವಪ್ಪಣ್ಣ," ಎಂದ ಆದಂ, ತಲೆ ಎತ್ತದೆ.

ಗುರುವಪ್ಪ ಓದಿದ. ಜನವರಿಯಲ್ಲಿ ಇಂಗ್ಲೆಂಡಿನ ರಾಣಿ ನಮ್ಮ ದೇಶಕ್ಕೆ ಬಂದದ್ದು, ರಾಣಿಯ ಗಂಡ ಹುಲಿ ಹೊಡೆದದ್ದು. ಬೇರೆ ವರ್ಷವಾಗಿದ್ದರೆ ದೇರಣ್ಣ ಇಲ್ಲಿ ತಾನು ಕಾಡಿನಲ್ಲಿ ಕಾಟಿ ಹೊಡೆದ ಕಥೆ ತೆಗೆಯುತ್ತಿದ್ದ. ಈಗ ಬಾಯಿ ತೆರೆದವನು ಹಾಗೇ ಮುಚ್ಚಿದ. ಫೆಬ್ರವರಿಯಲ್ಲಿ ರಾಣಿ ಬೆಂಗಳೂರಿಗೆ ಬಂದದ್ದು, ರಸ್ತೆಯುದ್ದಕ್ಕೂ ಜನ ನಿಂತದ್ದು. ಮಾರ್ಚ್. ಗುರುವಪ್ಪ ಏಪ್ರಿಲ್‌ನ ಪೇಪರುಗಳನ್ನು ಎತ್ತಿಕೊಂಡು, ಬೇಗ ಬೇಗ ಮಗುಚಿ, ಆಕಾಶಕ್ಕೆ ಹಾರಿದವನ ಪುಟ ಬಿಡಿಸಿದ.

"ಅದಕ್ಕಿಂತ ಮೊದಲು ಒಂದು ಉಂಟು," ಎಂದು ಆದಂ ಎದ್ದ. ಅಂಗಿಯೊಳಗಿನಿಂದ ಮಡಚಿದ ಪೇಪರು ತೆಗೆದು ಅವನ ಕೈಯಲ್ಲಿಟ್ಟ.

ಕತ್ತರಿಗಳ ಸದ್ದು ನಿಂತಿತು. ಗುರುವಪ್ಪ ಕನ್ನಡಕ ಒರೆಸಿಕೊಂಡು, ಆ ಎರಡು ಬೆರಳಗಲದ ಸುದ್ದಿಯನ್ನು ಒಂದಕ್ಷರ ಬಿಡದೆ ಓದಿದ. ಹಡಗಿನ ಹೆಸರು, ಬೆಂಕಿ ಬಿದ್ದ ಹೊತ್ತು, ಬಿರುಸಾಗಿದ್ದ ಗಾಳಿ, ನೂರಾರು ಮಂದಿ ತೀರಿಹೋದದ್ದು. ಓದಿ ಮುಗಿಸಲು ಒಂದು ಬೀಡಿ ಸುತ್ತುವಷ್ಟು ಹೊತ್ತೂ ಹಿಡಿಯಲಿಲ್ಲ.

"ಹೆಸರು ಉಂಟಾ ಅದರಲ್ಲಿ?" ಆದಂ ಕೇಳಿದ.

"ಇಲ್ಲ. ಯಾರ ಹೆಸರೂ ಇಲ್ಲ."

"ಅದನ್ನೂ ಓದಿ."

"ಆದಂ, ಪೇಪರಿನಲ್ಲಿ ಇಲ್ಲದ್ದನ್ನು ನಾನು ಒಂದು ದಿನವೂ..."

"ಗೊತ್ತುಂಟು ಗುರುವಪ್ಪಣ್ಣ. ಈಗ ಗೊತ್ತುಂಟು. ಇವತ್ತೊಂದು ದಿನ ಓದಿ."

ಗುರುವಪ್ಪ ಪೇಪರನ್ನು ಕಣ್ಣಿನ ಮಟ್ಟಕ್ಕೆ ಎತ್ತಿದ. ರಾಣಿಯ ಸುದ್ದಿ ಓದಿದ ಅದೇ ಗಟ್ಟಿ ದನಿಯಲ್ಲಿ ಓದಿದ: "ತೀರಿಹೋದವರಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಪುತ್ತೂರು ತಾಲೂಕು, ಸುಳ್ಯದ ಸಮದ್ ಒಬ್ಬರು. ಅವರಿಗೆ ಇಪ್ಪತ್ತೆರಡು ವರ್ಷ ವಯಸ್ಸಾಗಿತ್ತು. ತಾಯಿ ಅಲೀಮಮ್ಮ ಮತ್ತು ಅಣ್ಣ ಆದಂ ಕುಂಞಿಯವರನ್ನು ಅಗಲಿದ್ದಾರೆ."

"ಇನ್ನೊಮ್ಮೆ," ಎಂದ ಆದಂ.

ಗುರುವಪ್ಪ ಇನ್ನೊಮ್ಮೆ ಓದಿದ. ಆದಂ ಕೂತು ಕೇಳಿದ. ಆಮೇಲೆ ತನ್ನ ಮೊರದಿಂದ ಒಂದು ಕಟ್ಟು ಬೀಡಿ ತೆಗೆದು ಗುರುವಪ್ಪನ ಮೊರದಲ್ಲಿಟ್ಟ.